ಮಗಳಲ್ಲಿ ನಾನು ಹುಡುಕಿದ ವಿಶೇಷ

ಮಗಳು ಶಾಲೆಯ ಮೂರನೇ ಇಯತ್ತೆಯಲ್ಲಿದ್ದಾಗ ಅವಳಿಗೆ ಡಿಸ್ಲೆಕ್ಸಿಯಾ ಇದೆ ಎಂದು ತಿಳಿಯಿತು. ಮಾತಿನಲ್ಲಿ ಬಹಳ ಚುರುಕು. ಓದಲು ಕೂತರೆ ಮಾತ್ರ ಒಂದೇ ಸಾಲಿನಲ್ಲಿ ಸಿಕ್ಕಿಬೀಳುತ್ತಿದ್ದಳು. ನಿನ್ನೆ ಓದಿದ ಶಬ್ದ ಇವತ್ತು ಅವಳಿಗೆ ಹೊಸದು. ಬುದ್ಧಿಗೆ ಯಾವ ಕೊರತೆಯೂ ಇಲ್ಲ, ಅಕ್ಷರಕ್ಕೂ ಧ್ವನಿಗೂ ಗಂಟು ಹಾಕುವುದು ಇವಳಿಗೆ ಕಷ್ಟ, ಅದನ್ನು ನಿಧಾನವಾಗಿ ಕಲಿಸೋಣ ಎಂದು ಕೋಥರೂಡ್ ಬಡಾವಣೆಯ ವಿಶೇಷ ಶಿಕ್ಷಕಿಯೊಬ್ಬರು ಮರಾಠಿಯಲ್ಲಿ ವಿವರಿಸಿದರು. ಶಾಲೆ ಮುಗಿದ ಮೇಲೆ ಅವರ ಮನೆಗೆ ಹೋಗಿಬರತೊಡಗಿದೆವು.

ಆ ದೀಪಾವಳಿಗೆ ದೌಂಡದಿಂದ ನನ್ನ ನಾದಿನಿ ಬಂದಳು. ವಿಷಯ ಕೇಳಿ ಕರಂಜಿಕಾಯಿ ಮಡಚುತ್ತಲೇ ನನಗೆ ಧೈರ್ಯ ಹೇಳಿದಳು.

“ಚಿಂತಿ ಮಾಡಬ್ಯಾಡ್ರಿ ವೈನಿ. ಇಂಥಾ ಮಕ್ಕಳಿಗೆ ದೇವರು ಬ್ಯಾರೆ ಏನರ ಕೊಟ್ಟಿರ್ತಾನ. ನಾವು ಹುಡುಕಬೇಕಷ್ಟ.”

ಮೊಬೈಲಿಗೆ ಬಂದ ವಿಡಿಯೋಗಳನ್ನೂ ತೋರಿಸಿದಳು. ಓದಲು ತಿಣುಕಾಡಿದ ಮಕ್ಕಳು ದೊಡ್ಡ ಚಿತ್ರಕಾರರಾಗಿದ್ದರು, ಯಂತ್ರಗಳನ್ನು ಕಂಡುಹಿಡಿದಿದ್ದರು. ಆ ಮಾತು ನನ್ನ ಮನಸ್ಸಿಗೆ ಹಿಡಿಸಿತು. ಹಬ್ಬ ಮುಗಿದದ್ದೇ ತಡ, ಮಗಳನ್ನು ಚಿತ್ರಕಲೆಯ ಕ್ಲಾಸಿಗೆ ಸೇರಿಸಿದೆ. ಅವಳು ಬರೆದ ಆನೆ ಯಾವುದು, ಎಮ್ಮೆ ಯಾವುದು ಎಂದು ಕೇಳಿಯೇ ತಿಳಿಯಬೇಕಿತ್ತು. ಆಮೇಲೆ ಚೆಸ್. ಅಲ್ಲಿ ಅವಳು ಎದುರಿಗೆ ಕೂತ ಹುಡುಗಿಯ ಜೊತೆ ಹರಟೆ ಹೊಡೆದು, ಸೋತು, ಖುಷಿಯಾಗಿ ಎದ್ದು ಬರುತ್ತಿದ್ದಳು. ಬಟ್ಟೆ ಅಂಗಡಿಯಿಂದ ದಣಿದು ಬರುವ ನನ್ನ ಗಂಡ, ಅವಳನ್ನು ಸುಮ್ಮನೆ ಆಡಲು ಬಿಡಬಾರದೇ ಎನ್ನುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಸಂಜೆ ಚೆಸ್ ಮುಗಿಸಿ ಬರುವಾಗ ಸ್ಕೂಟರ್ ಸಿಗ್ನಲ್ಲಿನಲ್ಲಿ ನಿಂತಿತ್ತು. ಹಿಂದೆ ಕೂತವಳು ನನ್ನ ಬೆನ್ನಿಗೆ ಒರಗಿ ಕೇಳಿದಳು.

“ಅವ್ವಾ, ನನ್ನೊಳಗ ಏನೂ ಸಿಗಲಿಲ್ಲಂದ್ರ?”

ನಾದಿನಿಯ ಮಾತನ್ನು ಅವಳೂ ಕೇಳಿಸಿಕೊಂಡಿದ್ದಳು ಎಂದು ಆಗ ತಿಳಿಯಿತು. ಸಿಗ್ನಲ್ ಬಿಟ್ಟಿತು, ಹಿಂದಿನವರು ಹಾರ್ನ್ ಹೊಡೆದರು. ನಾನು ಗಾಡಿ ಮುಂದಕ್ಕೆ ಬಿಟ್ಟೆ.

ಇಂಥ ಮಕ್ಕಳಲ್ಲಿ ನಿಜವಾಗಿಯೂ ಬೇರೆ ಏನಾದರೂ ವಿಶೇಷ ಇರುತ್ತದೆಯೇ ಎಂದು ಮರುದಿನ ಶಿಕ್ಷಕಿಯನ್ನೇ ಕೇಳಿದೆ. ಇಂಥ ಕೆಲವು ಮಕ್ಕಳಿಗೆ ಆಕಾರಗಳು ಬೇಗ ಹೊಳೆಯುತ್ತವೆ ಎನ್ನುವವರಿದ್ದಾರೆ, ಹಾಗೇನಿಲ್ಲ ಎನ್ನುವವರೂ ಇದ್ದಾರೆ, ತಿಳಿದವರಲ್ಲೇ ಒಮ್ಮತವಿಲ್ಲ ಎಂದರು. ತಮ್ಮ ಬಳಿ ಬಂದವರಲ್ಲಿ ಚೆನ್ನಾಗಿ ಚಿತ್ರ ಬರೆಯುವವರೂ ಇದ್ದರು, ಬರೆಯಲಾಗದವರೂ ಇದ್ದರು, ಎಲ್ಲ ಮಕ್ಕಳ ಹಾಗೆಯೇ. ಹೆಸರು ಮಾಡಿದವರ ಕಥೆಯಷ್ಟೇ ನಮ್ಮ ಕಿವಿಗೆ ಬೀಳುತ್ತದೆ. ಓದಿಗೆ ಸಹಾಯ ಮಾಡಿ, ಮಿಕ್ಕಿದ್ದರಲ್ಲಿ ಅವಳಿಗೆ ಯಾವುದು ಇಷ್ಟವೋ ಅದನ್ನು ಮಾಡಲಿ ಎಂದರು. ಬೇಜಾರಾಗಬೇಕಿದ್ದ ಮಾತು, ಆದರೆ ನನಗೆ ಹಗುರವೆನಿಸಿತು.

ಮನೆಗೆ ಬಂದು ಮಗಳನ್ನು ಹತ್ತಿರ ಕೂರಿಸಿಕೊಂಡೆ.

“ಸಿಗಲಿಲ್ಲಂದ್ರ ಏನೂ ಆಗೂದಿಲ್ಲವ್ವಾ. ನೀ ಹಿಂಗ ಇದ್ರ ನನಗ ಸಾಕು.”

ಅವಳು ನನ್ನ ಮುಖವನ್ನೇ ನೋಡಿದಳು. “ಹಂಗಾರ ಚೆಸ್ ಬಿಡ್ಲಿ?”

ನನಗೆ ನಗು ತಡೆಯಲಾಗಲಿಲ್ಲ. ಚೆಸ್ ಬಿಟ್ಟಳು. ಚಿತ್ರಕಲೆ ಬಿಡಲು ಮಾತ್ರ ಒಪ್ಪಲಿಲ್ಲ. ಬಣ್ಣ ಕಲಸುವುದು ಅವಳಿಗೆ ಇಷ್ಟ, ಗೆಳತಿಯೂ ಅಲ್ಲೇ ಬರುತ್ತಾಳೆ.

ಈಗ ಅವಳು ಆರನೇ ಇಯತ್ತೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುತ್ತಾರೆ. ಇತಿಹಾಸದ ಪಾಠವನ್ನು ನಾನು ಓದಿ ಹೇಳುತ್ತೇನೆ. ಸಂಜೆ ನಾನು ರೊಟ್ಟಿ ಬಡಿಯುವಾಗ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು ನಗೆಹನಿಗಳನ್ನು ಓದುತ್ತಾಳೆ. ತಡವರಿಸುತ್ತಾಳೆ, ಹಿಂದಕ್ಕೆ ಹೋಗುತ್ತಾಳೆ, ಮತ್ತೆ ಓದುತ್ತಾಳೆ. ಹನಿ ಮುಗಿಯುವ ಮೊದಲೇ ಅವಳಿಗೆ ನಗು ಬಂದುಬಿಡುತ್ತದೆ. ಕೊನೆಯ ಸಾಲು ಏನಿತ್ತೆಂದು ನಾನು ಎರಡೆರಡು ಸಲ ಕೇಳಬೇಕಾಗುತ್ತದೆ.