ಆ ಬಿಲ್ಲು ನನ್ನದಲ್ಲ

ದೊಡ್ಡಮ್ಮನ ಎಡಗೈಗೆ ಬೀಸಣಿಗೆ ಅಂಟಿಕೊಂಡೇ ಇರುತ್ತಿತ್ತು. ಬಲಗೈ ಸಾರು ತಿರುವುತ್ತಿದ್ದರೆ ಎಡಗೈ ಗಾಳಿ ಹಾಕಿಕೊಳ್ಳುತ್ತಿತ್ತು. ಮೇಲ್ತುಟಿಯ ಬೆವರು ಮಾತ್ರ ಆರುತ್ತಿರಲಿಲ್ಲ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವರದು ನಮ್ಮ ಎದುರುಮನೆ. ನೆಂಟರೇನಲ್ಲ, ನಾನು ಹಾಗೆ ಕರೆಯುತ್ತಿದ್ದೆ ಅಷ್ಟೆ. ಅವರ ಯಜಮಾನರಿಗೋ ಫ್ಯಾನ್ ತಿರುಗುವುದನ್ನು ಕಂಡರಾಗದು. ಕೋಣೆಗೆ ಬಂದವರೇ ಸ್ವಿಚ್ಚಿಗೆ ಕೈ ಹಾಕುತ್ತಿದ್ದರು. ಅಡುಗೆಮನೆಗಂತೂ ಫ್ಯಾನೇ ಇರಲಿಲ್ಲ. ಮಗ ತಂದುಕೊಟ್ಟ ಗ್ರೈಂಡರ್ ಡಬ್ಬದಿಂದ ಹೊರಗೇ ಬಂದಿರಲಿಲ್ಲ.

ಯಜಮಾನರು ತೀರಿಕೊಂಡ ಮರುವರ್ಷ ದೊಡ್ಡಮ್ಮ ಮನೆ ಮೇಲೆ ಸೋಲಾರ್ ಹಾಕಿಸಲು ಹೊರಟರು. ಶಿವಮೊಗ್ಗದಿಂದ ಅಳತೆಗೆ ಬಂದವನು ಹಳೇ ಕರೆಂಟ್ ಬಿಲ್ಲುಗಳನ್ನು ನೋಡಿ, "ಇಷ್ಟಕ್ಕೆ ಒಂದು ಕಿಲೋವ್ಯಾಟ್ ಧಾರಾಳ ಆಯ್ತಮ್ಮಾ, ಎರಡೇ ಪ್ಯಾನೆಲ್ ಸಾಕು" ಎಂದ. ಶಿವಮೊಗ್ಗದ ಗೋಪಾಳ ಬಡಾವಣೆಯಿಂದ ಬಂದಿದ್ದ ಮಗ ಹೌದೆಂದು ತಲೆಯಾಡಿಸಿದ.

"ಆ ಬಿಲ್ಲು ನನ್ನದಲ್ಲ ಮಾರಾಯ, ನಮ್ಮ ಯಜಮಾನ್ರದ್ದು. ನನ್ನ ಬಿಲ್ಲು ಇನ್ನೂ ಬಂದೇ ಇಲ್ಲ" ಎಂದರು ದೊಡ್ಡಮ್ಮ.

ಮಗನಿಗೆ ಸಿಟ್ಟು ಬಂತು. "ಅಪ್ಪ ಇಷ್ಟರಲ್ಲೇ ಸಂಸಾರ ತೂಗಿಸಿದ್ರಲ್ಲಮ್ಮ?"

"ತೂಗಿಸಿದ್ದು ಅವ್ರು. ಬೆವರಿದ್ದು ನಾನು."

ಆಮೇಲೆ ಬೀಸಣಿಗೆಯಲ್ಲೇ ತೋರಿಸುತ್ತಾ ಅಳತೆಯವನನ್ನು ಮನೆಯಿಡೀ ಸುತ್ತಾಡಿಸಿದರು. ಒಲೆಯ ಹತ್ತಿರ ಒಂದು ಫ್ಯಾನು, ಹಗಲಿಡೀ. ಅಲ್ಲಿ ಗ್ರೈಂಡರು. ಬಚ್ಚಲ ಪಕ್ಕ ವಾಷಿಂಗ್ ಮಿಷನ್ನು. ಅದನ್ನಿನ್ನೂ ಕೊಂಡೇ ಇರಲಿಲ್ಲ! ಅವನು ಎಲ್ಲ ಕೂಡಿಸಿ, ಹಾಗಾದರೆ ಎರಡು ಕಿಲೋವ್ಯಾಟ್ ಬೇಕು ಎಂದ.

"ಹಾಕಿ."

"ಈ ವಯಸ್ಸಲ್ಲಾ?" ಎಂದ ಮಗ.

"ಈ ವಯಸ್ಸಲ್ಲೇ."

ಅಲ್ಲೇ ನಿಂತು ನೋಡುತ್ತಿದ್ದ ನನಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು. ನನ್ನನ್ನೂ ಬಿಡಲಿಲ್ಲ ಅವರು. "ನೀನೇನ್ ಕಡ್ಮೆನಾ? ಯಾವಾಗ್ ಕೇಳಿದ್ರೂ ನಂಗೇನೂ ಬೇಡ ಅಂತೀಯ. ಬೇಕಾದ್ದನ್ನ ಬಾಯ್ಬಿಟ್ಟು ಹೇಳೇ ಮಾರಾಯ್ತಿ." ಮಂಡಿನೋವು ನುಂಗಿಕೊಂಡು ಹೊಲಿಗೆ ಮಿಷನ್ ತುಳಿಯುತ್ತಿದ್ದ ನಾನು ಆ ವಾರವೇ ಅದಕ್ಕೆ ಮೋಟರ್ ಬೇಕೆಂದು ಮನೆಯಲ್ಲಿ ಹಟ ಹಿಡಿದು ಕೂತೆ. ಬಂತು ಕೂಡ.

ಎದುರುಮನೆಯ ತಾರಸಿಗೆ ನಾಲ್ಕು ಪ್ಯಾನೆಲ್ ಬಂದವು. ಬೀಸಣಿಗೆ ಬಚ್ಚಲ ಒಲೆಯ ಪಾಲಾಯಿತು. ಮಗ ಬಂದಾಗಲೆಲ್ಲ ಅಪ್ಪನಂತೆಯೇ ಫ್ಯಾನ್ ಆರಿಸುತ್ತಿದ್ದ. ದೊಡ್ಡಮ್ಮ ಎದ್ದು ಹೋಗಿ ಮತ್ತೆ ಹಾಕುತ್ತಿದ್ದರು.

ಈ ಬೇಸಿಗೆಯಲ್ಲಿ ಅವರು ಹೋದರು. ನಡುಮನೆಯಲ್ಲಿ ಮಲಗಿಸಿ ತಲೆಯ ಬಳಿ ದೀಪ ಹಚ್ಚಿದ್ದರು. ಗಾಳಿಗೆ ದೀಪ ಹೋಗುತ್ತದೆಂದು ಮಗ ಫ್ಯಾನ್ ಆರಿಸಿದ. ಹೊರಗೆ ಉರಿಬಿಸಿಲು. ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯಿಂದ ಅಗಲದ ತಟ್ಟೆಯೊಂದನ್ನು ತಂದು ದೀಪಕ್ಕೆ ಅಡ್ಡ ನಿಲ್ಲಿಸಿದೆ. ಎದ್ದು ಹೋಗಿ ಫ್ಯಾನ್ ಹಾಕಿದೆ.

ಮಗ ಸ್ವಿಚ್ಚಿನ ಕಡೆ ಬಂದ. ನಾನು ಅದಕ್ಕೆ ಬೆನ್ನು ಕೊಟ್ಟು ನಿಂತೆ. ದೊಡ್ಡಮ್ಮನನ್ನು ಎತ್ತುವವರೆಗೂ ಅಲ್ಲಿಂದ ಕದಲಲಿಲ್ಲ.