ಗಡ್ಡ ಅಳೆದು ಜೋಡಿಸಿದ ಪುಸ್ತಕ

ನಮ್ಮ ದೊಡ್ಡಪ್ಪ ಬುಕ್ ಬೈಂಡರ್. ನಲವತ್ತು ವರ್ಷದಲ್ಲಿ ಅವರು ಹೊಲಿದ ಒಂದೇ ಒಂದು ಪುಸ್ತಕವೂ ತಪ್ಪಾಗಿದೆ ಎಂದು ವಾಪಸ್ ಬಂದಿಲ್ಲ. ಇದನ್ನು ದಿನಕ್ಕೆರಡು ಸಲ ಹೇಳದಿದ್ದರೆ ಅವರಿಗೆ ಊಟ ಅರಗುವುದಿಲ್ಲ. ಆದರೆ ಹೊಲಿದದ್ದರಲ್ಲಿ ಒಂದನ್ನೂ ಅವರು ಓದಿದವರಲ್ಲ! ಕೇಳಿದರೆ, "ಅಡುಗೆಯವನು ಎಲ್ಲರ ತಟ್ಟೆಗೂ ಕೈ ಹಾಕ್ತಾನೇನೇ?" ಎನ್ನುತ್ತಿದ್ದರು.

ಆ ಹೆಸರಿಗೆ ಕುತ್ತು ಬಂದದ್ದು ನನ್ನಿಂದ. ಶನಿವಾರ ಕಾಲೇಜಿನಿಂದ ಓಡಿ ಬಂದವಳು ಸೆಖೆ ಎಂದು ಅಂಗಡಿಯ ಫ್ಯಾನ್ ಹಾಕಿಬಿಟ್ಟೆ. ಮೇಜಿನ ಮೇಲೆ ಬಿಡಿ ಹಾಳೆ ಇದ್ದಾಗ ಫ್ಯಾನ್ ಮುಟ್ಟಬಾರದು ಎಂಬುದು ಅಲ್ಲಿಯ ಮೊದಲ ಕಾನೂನು. ಲೈಬ್ರರಿಯವರು ಕೊಟ್ಟಿದ್ದ ಹಳೇ ಕಾಮಿಕ್ಸಿನ ಅರವತ್ತು ಹಾಳೆಗಳೂ ಗಾಳಿಪಟ! ಮುದುರಿದ ಅಂಚು ಚೊಕ್ಕವಾಗಲಿ ಎಂದು ದೊಡ್ಡಪ್ಪ ಆಗಷ್ಟೇ ಕಟಿಂಗ್ ಮಷಿನ್ನಿಗೆ ಕೊಟ್ಟಿದ್ದರು. ಪುಟಸಂಖ್ಯೆಗಳೆಲ್ಲ ಅಂಚಿನ ಜೊತೆಗೇ ಹೋಗಿದ್ದವು. ಪುಸ್ತಕ ಕೊಡಬೇಕಾದದ್ದು ಸೋಮವಾರ ಬೆಳಿಗ್ಗೆ.

"ಓದಿ ಜೋಡಿಸೋಣ ದೊಡ್ಡಪ್ಪ."

"ಈ ವಯಸ್ಸಲ್ಲಿ ನಾನು ಕಾಮಿಕ್ಸ್ ಓದ್ಲಾ? ಯಾರಾದ್ರೂ ನೋಡಿದ್ರೆ?"

ಬಾಗಿಲನ್ನು ಅರ್ಧ ಎಳೆದು ಚಾಪೆ ಹಾಸಿದೆವು. ಕಥೆ ಏನಂತೀರಿ! ಒಬ್ಬ ಕುಳ್ಳ ಮಂತ್ರವಾದಿ, ನೆಗಡಿ ಹಿಡಿದ ಡ್ರ್ಯಾಗನ್ನಿನ ಬೆನ್ನೇರಿ ತನ್ನ ಕಳೆದುಹೋದ ನೆರಳನ್ನು ಹುಡುಕಲು ಹೊರಟಿದ್ದಾನೆ. ಡ್ರ್ಯಾಗನ್ ಸೀನಿದರೆ ಬೆಂಕಿಯ ಬದಲು ಸೋಪಿನ ಗುಳ್ಳೆ! ದೊಡ್ಡಪ್ಪ ಮೊದಲು ಮೂಗಿನಲ್ಲೇ ನಕ್ಕರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಊಟಕ್ಕೆ ಕರೆಯಲು ಬಂದ ದೊಡ್ಡಮ್ಮ ಒಂದು ಹಾಳೆ ಎತ್ತಿ ನೋಡಿ ಅಲ್ಲೇ ಕೂತುಬಿಟ್ಟರು.

"ಇವನು ಥೇಟ್ ನೀವೇ ರೀ. ಕಾಲಡೀಲಿರೋದಕ್ಕೆ ಊರೆಲ್ಲ ಹುಡುಕ್ತಾನೆ!"

ಗುಟ್ಟು ಹಿಡಿದದ್ದು ದೊಡ್ಡಪ್ಪನೇ. ಒಂದೊಂದು ಮಂತ್ರ ಹಾಕಿದಾಗಲೂ ಮಂತ್ರವಾದಿಯ ಗಡ್ಡ ಚೂರು ಚೂರು ಗಿಡ್ಡವಾಗುತ್ತಿತ್ತು. "ಸ್ಕೇಲ್ ತಾರೇ!" ಎಂದು ಕೂಗಿದರು. ಭಾನುವಾರವಿಡೀ ಗಡ್ಡ ಅಳೆದೆವು. ಉದ್ದ ಗಡ್ಡ ಮೊದಲು, ಮೋಟು ಗಡ್ಡ ಕೊನೆಗೆ. ಹೊಲಿದು, ರಟ್ಟು ಹಾಕಿ, ಸೋಮವಾರ ಕೊಂಡೊಯ್ದೆವು.

ಲೈಬ್ರರಿ ಮೇಡಂ ನಗುತ್ತ ನಗುತ್ತ ಹಾಳೆ ತಿರುವಿದವರು ತಟ್ಟನೆ ನಿಂತರು. "ಯಜಮಾನ್ರೇ, ಇದೊಂದು ಹಾಳೆ ಜಾಗ ತಪ್ಪಿದೆ."

"ಸಾಧ್ಯವೇ ಇಲ್ಲ! ಗಡ್ಡ ಮೊಣಕಾಲಿಗಿದೆ, ನೋಡಿ."

"ಅದು ಅವನ ಕನಸು! ಕನಸಲ್ಲಿ ಗಡ್ಡ ವಾಪಸ್ ಬಂದಿದೆ. ಸುತ್ತ ಮೋಡ ಬರೆದಿದ್ದಾರಲ್ಲ. ಹೋಗ್ಲಿ ಬಿಡಿ, ಮಕ್ಕಳಿಗೇನು ಗೊತ್ತಾಗುತ್ತೆ?"

ದೊಡ್ಡಪ್ಪ ಪುಸ್ತಕವನ್ನು ಕಿತ್ತೇ ಕೊಂಡರು.

"ಗೊತ್ತಾಗದೆ ಏನು? ಗಡ್ಡ ಇಷ್ಟು ಸೊಂಪಾಗಿರೋ ಮನುಷ್ಯ ಅದನ್ನ ಯಾಕೆ ಹೀಗೆ ಮುದ್ದಾಡ್ತಿದ್ದಾನೆ ಅಂತ ನನಗೇ ನಿನ್ನೆಯಿಂದ ತಲೇಲಿ ಕೊರೀತಿತ್ತು! ತಪ್ಪು ನನ್ನದೇ. ಕತ್ತರಿ ಕೊಡಿ."

ಅಲ್ಲೇ ಓದುವ ಮೇಜಿನ ಮೇಲೆ ದಾರ ಕತ್ತರಿಸಿ, ಕನಸನ್ನು ಎತ್ತಿ ಅದರ ಜಾಗಕ್ಕಿಟ್ಟರು. ಹೊಲಿಯುವ ಮೊದಲು, "ಪೂರ್ತಿ ಒಂದ್ಸಲ ನೋಡ್ಬಿಡೋಣ, ಕೆಲಸ ಅಂದ್ಮೇಲೆ ನೋಡ್ಬೇಕಲ್ಲ" ಎಂದರು. ಮೇಡಂ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

"ನಿಧಾನ ತಿರುವಿ ಯಜಮಾನ್ರೇ, ನಾನಿನ್ನೂ ಡ್ರ್ಯಾಗನ್ ಹತ್ರಾನೇ ಇದ್ದೀನಿ."