ಪಕ್ಕದ ಮನೆಯ ಪಿಯೊನಿ

ನಾಚಿಕೆಗೇಡಿನ ಕೆಲಸ ಮಾಡಿದವರು ಅದಕ್ಕೊಂದು ಕಾರಣವನ್ನೂ ಇಟ್ಟುಕೊಂಡಿರುತ್ತಾರೆ. ನನ್ನ ಕಾರಣ ಮೆಂತ್ಯದ ಸೊಪ್ಪು.

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಯ ಹಿತ್ತಲಲ್ಲಿ ಎರಡು ಭಾರಿ ಮೇಪಲ್ ಮರಗಳಿದ್ದವು. ದಿನಕ್ಕೆ ಒಂದು ಗಂಟೆ ಬಿಸಿಲು ಬಿದ್ದರೆ ಪುಣ್ಯ. ಮನೆ ಮುಂದೆ ಬಿಸಿಲೇನೋ ಇತ್ತು, ಆದರೆ ಅಲ್ಲಿ ಹುಲ್ಲು, ಹೂ ಬಿಟ್ಟು ಬೇರೇನೂ ಬೆಳೆಯಬಾರದು ಅಂತ ನಮ್ಮ ಬಡಾವಣೆಯ ರೂಲು. ಕಾರು ಕಂಪನಿಗಳೆಲ್ಲ ಮುಗ್ಗರಿಸುತ್ತಿದ್ದ ವರ್ಷಗಳು ಅವು. ನಮ್ಮ ಯಜಮಾನರು ಅಂಥದ್ದೇ ಒಂದು ಕಡೆ ಇಂಜಿನಿಯರ್. ಪ್ರತಿ ಶುಕ್ರವಾರ ಮನೆಗೆ ಬಂದು, "ಕೆಲಸದಿಂದ ತೆಗೆಯೋವರ ಪಟ್ಟಿಯಲ್ಲಿ ಈ ವಾರವೂ ನನ್ನ ಹೆಸರು ಬರಲಿಲ್ಲ ಕಣೇ" ಅಂತ ಶೂ ಬಿಚ್ಚದೆ ಕೂರುತ್ತಿದ್ದರು. ಕೈಕಟ್ಟಿ ಕೂತರೆ ನನಗೆ ಹುಚ್ಚು ಹಿಡಿಯುತ್ತಿತ್ತು. ಒಳ್ಳೇ ದಿನ ಅಂತ ಯುಗಾದಿಯಂದು ಮರದಡಿ ನೆಲ ಕೆದಕಿ ಮೆಂತ್ಯ ಚೆಲ್ಲಿದೆ. ಮೂರನೇ ದಿನ ಅದರ ಮೇಲೆ ಗೇಣುದ್ದ ಹಿಮ.

ಪಕ್ಕದ ಮನೆಯ ಅಮೆರಿಕನ್ ಹೆಂಗಸು, ಅರವತ್ತರ ಹತ್ತಿರದವಳು, ಬೇಲಿಯಾಚೆಯಿಂದ ನೋಡಿ ನಕ್ಕಳು. ನಿಮ್ಮ ಹಬ್ಬಕ್ಕೆ ನಮ್ಮ ಮಿಶಿಗನ್ ಕಾಯೋದಿಲ್ಲ, ಏಪ್ರಿಲ್ ಮುಗಿಯೋವರೆಗೆ ಸುಮ್ಮನಿರು ಅಂದಳು. ಸುಮ್ಮನಿದ್ದು ಮತ್ತೆ ಬಿತ್ತಿದೆ. ದಾರದಂಥ ಮೊಳಕೆ ಬಂದು, ಹಳದಿಯಾಗಿ, ಅಲ್ಲೇ ಮಲಗಿಬಿಟ್ಟವು. ಆಗಲೂ ಅವಳೇ ಕರೆದಳು: ಆ ಮರದ ಕೆಳಗೆ ಏನೂ ಬರೋದಿಲ್ಲ, ನನ್ನ ಹಿತ್ತಲು ಪೂರ್ತಿ ಬಿಸಿಲು, ಒಂದು ಮೂಲೆ ತಗೋ. ನಾನು ಥ್ಯಾಂಕ್ಸ್ ಹೇಳಿ ಒಳಗೆ ಬಂದು, "ನಮಗ್ಯಾಕಪ್ಪ ಇನ್ನೊಬ್ಬರ ಹಂಗು" ಅಂದೆ. ಜಂಬ, ಇನ್ನೇನು.

ಆ ಚಳಿಗಾಲದಲ್ಲಿ ಅವಳ ಗಂಡನ ಬಿಡಿಭಾಗದ ಕಾರ್ಖಾನೆ ಮುಚ್ಚಿತು. ಮನೆಯನ್ನು ಬ್ಯಾಂಕು ತೆಗೆದುಕೊಂಡಿತು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತಪ್ಪ" ಅಂತ ನಾನು ಫೋನಿನಲ್ಲಿ ಗೆಳತಿಯರಿಗೆಲ್ಲ ಉಪದೇಶ ಮಾಡಿದೆ. ಅವರು ಟ್ರಕ್ಕಿಗೆ ಸಾಮಾನು ತುಂಬಿದ ದಿನ ಪರದೆ ಸಂದಿಯಿಂದ ನೋಡುತ್ತ ನಿಂತೆ. ಹೋಗಿ ಏನು ಹೇಳೋದು ಅಂತ ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವರ ಗ್ರಹಚಾರ ನಮಗೂ ಅಂಟೀತು ಅಂತ ಭಯ.

ಹಿಮ ಕರಗಿತು. ಖಾಲಿ ಮನೆಯ ಬಾಗಿಲಿಗೆ ನೋಟೀಸು, ಹಿತ್ತಲ ತುಂಬ ಬಿಸಿಲು. ಯಾರಪ್ಪನ ಗಂಟು ಹೋಗುತ್ತೆ ಅಂತ ಒಂದು ಬೆಳಿಗ್ಗೆ ಗುದ್ದಲಿ ಹಿಡಿದು ನುಗ್ಗಿದೆ. ಗೋಡೆ ಪಕ್ಕ ಹದವಾದ ಮಣ್ಣಿನ ಪಾತಿ. ಅದರಲ್ಲಿ ಅಲ್ಲಲ್ಲಿ ಹೆಬ್ಬೆರಳು ಗಾತ್ರದ ಕೆಂಪು ಮೊಳಕೆಗಳು. ಎಂಥದೋ ಕಳೆ ಅಂದುಕೊಂಡು ಅಗೆದೆ. ಅಗೆದಷ್ಟೂ ಕೆಳಗೆ ಗೆಣಸಿನಂಥ ಬೇರು. ಬೆವರು ಸುರಿಸಿ ಒಂದೂ ಬಿಡದೆ ಕಿತ್ತು, ಕಸದ ದೊಡ್ಡ ಕಾಗದದ ಚೀಲಕ್ಕೆ ಮಣ್ಣುಸಮೇತ ತುಂಬಿ ನಮ್ಮ ಗರಾಜಿಗೆ ಎಳೆದು ತಂದೆ. ಇಷ್ಟು ಭಾರ ಇದ್ದರೆ ಕಸದವರು ಎತ್ತೋದಿಲ್ಲ ಅಂದರು ಯಜಮಾನರು. ಚೀಲ ಗರಾಜಿನಲ್ಲೇ ಉಳಿಯಿತು.

ಮೆಂತ್ಯ ಬಂತು ನೋಡಿ! ಗೆಳತಿಯ ಮನೆಯಲ್ಲಿ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ಗೆ ಅದರದೇ ಬಾತ್ ಮಾಡಿಕೊಂಡು ಹೋಗಿ, "ನಮ್ಮ ಹಿತ್ತಲಿಂದು" ಅಂದೆ. "ನಿಮ್ಮ ಕೈಗುಣ ಕಣ್ರೀ" ಅಂದರು. ಇರಬಹುದು ಅಂತ ನಾನೂ ನಂಬಿದೆ.

ಮೇ ಕೊನೆಯ ಒಂದು ಶನಿವಾರ ಪಾತಿಯಲ್ಲಿ ಕೂತು ಸೊಪ್ಪು ಕೀಳುತ್ತಿದ್ದಾಗ ಕಾರು ನಿಂತ ಸದ್ದು. ತಿರುಗಿದರೆ ಅವಳೇ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಸಲಿಕೆ. ಅವಳು ಬಾಯಿ ತೆರೆಯುವ ಮೊದಲೇ, ಜಾಗ ಹಾಳುಬಿದ್ದಿತ್ತು, ಅದಕ್ಕೇ ಒಂಚೂರು ಅಂತ ಶುರುಮಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಅವಳು ಮಾತ್ರ ನಕ್ಕು, ಒಳ್ಳೇದಾಯ್ತು, ಬಿಸಿಲು ದಂಡ ಆಗಲಿಲ್ಲವಲ್ಲ ಅಂದಳು. ಆಮೇಲೆ ಗೋಡೆ ಪಕ್ಕ ಏನನ್ನೋ ಹುಡುಕಿದಳು. ನಮ್ಮಮ್ಮನ ಪಿಯೊನಿ ಹೂವಿನ ಗಿಡ ತಗೊಂಡು ಹೋಗೋಕೆ ಬಂದೆ, ಅಮ್ಮ ಸಾಯೋ ಮುಂಚೆ ಅವಳ ತೋಟದಿಂದ ಅಗೆದು ಕೊಟ್ಟದ್ದು, ಮನೆ ಬ್ಯಾಂಕಿನವರು ಇಟ್ಟುಕೊಳ್ಳಲಿ, ಅದನ್ನು ಮಾತ್ರ ಬಿಡೋದಿಲ್ಲ ಅಂದಳು. ಮತ್ತೆ ನೆಲ ನೋಡಿ, ಇಲ್ಲೇ ಇತ್ತಲ್ಲ ಅಂದಳು.

ಕಳೆ ಅಂತ ನಾನು ಕಿತ್ತದ್ದು ಅದನ್ನೇ. ಆ ಹೂಗಳನ್ನು ನಾನು ಪ್ರತಿ ಜೂನ್‌ನಲ್ಲಿ ಬೇಲಿಯ ಮೇಲಿಂದ ಕಣ್ತುಂಬ ನೋಡಿದ್ದೆ, ಎಲೆಕೋಸಿನಷ್ಟು ದಪ್ಪ ಗುಲಾಬಿ ಬಣ್ಣದ ಹೂಗಳು. ಆದರೆ ನಮ್ಮ ಮೈಸೂರಿನಲ್ಲಿ ಗಿಡ ಅಂದರೆ ವರ್ಷವಿಡೀ ನಿಂತಿರುತ್ತದೆ. ಚಳಿಗೆ ಒಂದು ಕಡ್ಡಿಯೂ ಉಳಿಯದೆ ಸತ್ತು, ಬೇರಿನಿಂದ ಮತ್ತೆ ಎದ್ದು ಬರುವ ಗಿಡದ ಕಥೆ ನನಗೇನು ಗೊತ್ತು? ಅದನ್ನೇ ಹೇಳಬಹುದಿತ್ತು. ಗೊತ್ತಾಗಲಿಲ್ಲ, ತಪ್ಪಾಯ್ತು, ಎಲ್ಲ ನಮ್ಮ ಗರಾಜಿನಲ್ಲಿದೆ ಬನ್ನಿ. ಗರಾಜಿನ ಬಾಗಿಲು ತೆರೆದೇ ಇತ್ತು. ಅವಳು ಕತ್ತು ತಿರುಗಿಸಿದ್ದರೆ ಚೀಲ ಕಾಣುತ್ತಿತ್ತು.

"ಹುಲ್ಲು ಕತ್ತರಿಸೋಕೆ ಬ್ಯಾಂಕಿನವರು ಯಾರನ್ನೋ ಕಳಿಸಿದ್ದರು, ಅವರು ಕಿತ್ತಿರಬೇಕು" ಅಂದೆ.

ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ಬಕೆಟ್ಟಿನೊಳಗೆ ಒದ್ದೆ ಮಾಡಿ ತಂದಿದ್ದ ನ್ಯೂಸ್‌ಪೇಪರ್ ಇತ್ತು, ಅದನ್ನೇ ಮಡಿಸಿದಳು, ಬಿಡಿಸಿದಳು. ಆಮೇಲೆ ಒಂದು ಚೀಟಿಯಲ್ಲಿ ತನ್ನ ಫೋನ್ ನಂಬರ್ ಬರೆದು ಕೊಟ್ಟು, ಎಲ್ಲಾದರೂ ಒಂದು ತುಂಡು ಬೇರು ಸಿಕ್ಕಿದರೂ ಸಾಕು, ಕರೀತೀಯಾ ಅಂತ ಕೇಳಿದಳು. ಹೂಂ ಅಂದೆ. ಬರಿಗೈಯಲ್ಲಿ ಕಳಿಸಬಾರದು ಅಂತ ಒಂದು ಕಟ್ಟು ಮೆಂತ್ಯ ಕೊಟ್ಟು, ಆಲೂಗಡ್ಡೆ ಜೊತೆ ಹೇಗೆ ಪಲ್ಯ ಮಾಡೋದು ಅಂತ ಐದು ನಿಮಿಷ ವಿವರಿಸಿದೆ, ನನ್ನ ಮುಖಕ್ಕಿಷ್ಟು ಬೆಂಕಿ ಹಾಕ. ಅವಳು ಸೊಪ್ಪು ಮೂಸಿ ನೋಡಿ, ನೀವು ಯಾವಾಗಲೂ ಒಳ್ಳೇ ನೆರೆಯವರು ಅಂದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಯಜಮಾನರು ಕೇಳಿ ತಲೆ ಚಚ್ಚಿಕೊಂಡರು. "ಚೀಲ ಇಲ್ಲೇ ಇದೆ, ಈಗಲೇ ಫೋನ್ ಮಾಡು."

"ಮಾಡಿ ಏನಂತ ಹೇಳಲಿ? ಕಳ್ಳಿ ಅಂತಲಾ?" ಅಂತ ಅವರ ಮೇಲೇ ರೇಗಿದೆ.

"ಹಾಗಾದರೆ ಮನೆ ಮುಂದೆ ಮೇಲ್‌ಬಾಕ್ಸ್ ಹತ್ತಿರ ನೆಡು. ಬಿಸಿಲಿದೆ, ಬದುಕಿಕೊಳ್ಳುತ್ತೆ."

ಜನ ನೋಡುತ್ತಾರೆ ಅಂತ ನಾನು ಒಪ್ಪಲಿಲ್ಲ. ಹಿತ್ತಲಲ್ಲಿ ಮೇಪಲ್ ಮರದ ಬುಡಕ್ಕೆ ಅಷ್ಟನ್ನೂ ನೆಟ್ಟೆ. ಹೂ ಬಿಡಲಿ, ಒಂದು ಹೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ ಕ್ಷಮೆ ಕೇಳುತ್ತೇನೆ ಅಂತ ಯಜಮಾನರಿಗೆ ಮಾತು ಕೊಟ್ಟೆ. ಮರುವರ್ಷ ಮೊಳಕೆಗಳು ಬಂದವು, ಎಲೆ ಬಿಟ್ಟವು, ಮೊಗ್ಗಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಈಗ ಎಷ್ಟೋ ವರ್ಷವಾಯಿತು, ಚೀಟಿ ನನ್ನ ಹತ್ತಿರವೇ ಇದೆ. ಯಜಮಾನರು ಕೇಳುವುದನ್ನು ಬಿಟ್ಟಿದ್ದಾರೆ. ಆ ಮರದ ಕೆಳಗೆ ಹೂ ಬಿಡುವುದಿಲ್ಲ ಅಂತ ನೆಡುವಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಅಲ್ಲಿ ನೆಟ್ಟೆ.